ಅರವತ್ಮೂರು ಗಂಡಂದಿರ ಹೆಸರು ಹೇಳುವ ದ್ಯಾಮವ್ವ

ಬೆಳಗಿನ ಐದು ಗಂಟೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಹಿದಾಯತ್ ಸಾಹೇಬರ ಭಟ್ಟಿಗೆ ಆಗಲೇ ಬೆಂಕಿ ಬಿದ್ದಿದೆ. ಬಾಣಲೆಯಲ್ಲಿ ಮರಳು ಕಾದಿದೆ. ಉಪ್ಪುನೀರು ಹಿಡಿದ ಅಕ್ಕಿ ಅದರೊಳಗೆ ಬಿದ್ದು ಎರಡು ಸಲ ಕೈಯಾಡಿಸುವಷ್ಟರಲ್ಲಿ ಬೆಳ್ಳಗೆ ಅರಳುತ್ತದೆ. ಮರಳಿನ ಸಮೇತ ಅದನ್ನು ಜರಡಿಗೆ ಸುರಿಯುತ್ತಾರೆ. ಜರಡಿ ಹಿಡಿದು ಕೂತಿರುವಾಕೆ ದ್ಯಾಮವ್ವ. ವಯಸ್ಸು ನಲವತ್ತು, ನೋಡಿದರೆ ಐವತ್ತೈದು. ಮರಳಿನ ಬಿಸಿಗೆ ಮುಂಗೈಯ ಕೂದಲೆಲ್ಲ ಸುಟ್ಟು ನುಣ್ಣಗಾಗಿದೆ. ಕೈ ಒಂದು ಕೆಲಸ ಮಾಡುತ್ತಿದ್ದರೆ ಬಾಯಿ ಇನ್ನೊಂದು ಕೆಲಸ ಮಾಡುತ್ತಿದೆ.

"ಹೇಳೇ ಸುಂಕಲಮ್ಮ. ನಿನ್ನೆ ಹೇಳ್ಕೊಟ್ಟಿದ್ದು ಹೇಳು."

ಎದುರಿಗೆ ಚೀಲದ ಬಾಯಿ ಹೊಲಿಯುತ್ತಿರುವ ಸುಂಕಲಮ್ಮ ಸೆರಗು ಬಾಯಿಗೆ ತಂದುಕೊಳ್ಳುತ್ತಾಳೆ. "ಮಂಡಕ್ಕಿ ಹುರಿಯಾಕೆ ಮರಳು ಕಾಯ್ಬೇಕು..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲುತ್ತಾಳೆ.

"ಮುಂದೆ?"

"ಮುಂದೆ ನಂಗೆ ಬರಂಗಿಲ್ಲ ಬಿಡಕ್ಕ."

"ಹುಲಿಯಪ್ಪ ಬರೋ ತನಕ ಬಾಗ್ಲು ಕಾಯ್ಬೇಕು. ಅಷ್ಟೇ ಕಣೇ! ಮದುವಿ ದಿನ ಹೇಳಿದ್ದಿಲ್ಲೇನು? ಆವತ್ತು ಬಂದಿದ್ದು ಇವತ್ತೇನಾತು?"

ಭಟ್ಟಿಯ ಹೆಂಗಸರೆಲ್ಲ ನಗುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದು ಕೂತಿದ್ದ ನಾನೂ ನಕ್ಕೆ. ಆಮೇಲೆ ನಗಬಾರದಿತ್ತು ಅನ್ನಿಸಿತು. ಮದುವೆಯ ದಿನ ಒಡಪು ಕಟ್ಟಿ ಗಂಡನ ಹೆಸರು ಹೇಳಿದ ಹೆಂಗಸು ಆಮೇಲೆ ಸಾಯುವ ತನಕ ಆ ಹೆಸರು ಹೇಳಬಾರದು. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲೂ ಇತ್ತು, ಇದೆ. ನಮ್ಮ ಮನೆಯ ಹೆಂಗಸರಿಗೆ ಅದರಿಂದ ನಷ್ಟವೇನೂ ಇಲ್ಲ. ಅವರ ಪರವಾಗಿ ಮಾತಾಡಲು ನಾವಿದ್ದೇವೆ. ಸುಂಕಲಮ್ಮನಿಗೆ ಮಾತ್ರ ಇದರಿಂದ ಓಟು ಹೋಗುತ್ತದೆ.

ಮತಗಟ್ಟೆಯಲ್ಲಿ ಕೇಳುವ ಪ್ರಶ್ನೆ ಎರಡೇ: ನಿನ್ನ ಹೆಸರೇನು, ಗಂಡನ ಹೆಸರೇನು. ಮೊದಲನೆಯದಕ್ಕೆ ಉತ್ತರ ಇದೆ. ಎರಡನೆಯದಕ್ಕೆ ಸುಂಕಲಮ್ಮ ಎಪ್ಪತ್ತೆಂಟರ ಚುನಾವಣೆಯಲ್ಲಿ ಹತ್ತು ಬೆರಳನ್ನೂ ಪಂಜದಂತೆ ಮಡಿಸಿ ಅಧಿಕಾರಿಗೆ ತೋರಿಸಿದಳಂತೆ. ಹುಲಿ ಎಂಬ ಪದವನ್ನೂ ಆಕೆ ಆಡುವುದಿಲ್ಲ. ಮಕ್ಕಳಿಗೆ ಕತೆ ಹೇಳುವಾಗಲೂ "ದೊಡ್ಡ ಬೆಕ್ಕು" ಅನ್ನುತ್ತಾಳೆ. ಅಧಿಕಾರಿಗೆ ಇದೆಲ್ಲ ಏನು ಗೊತ್ತು? ಹುಚ್ಚಿ ಎಂದು ಹೊರಗೆ ಕಳಿಸಿದ.

ಆ ದಿನ ಇದಕ್ಕಿಂತ ಕೆಟ್ಟದ್ದೂ ಒಂದು ನಡೆಯಿತು. ದ್ಯಾಮವ್ವ, ಸುಂಕಲಮ್ಮನವರ ಕೇರಿಯ ಯಲ್ಲಕ್ಕ ಸಾಲು ನಿಂತು ಒಳಗೆ ಹೋದಳು. ಗಂಡನ ಹೆಸರು ಹೇಳಲಾರದೆ, ಸುಮ್ಮನಿರಲೂ ಆಗದೆ, ಗಾಬರಿಯಲ್ಲಿ ಅಣ್ಣ ಮಾರಣ್ಣನ ಹೆಸರು ಹೇಳಿಬಿಟ್ಟಳು. ಪಟ್ಟಿಯಲ್ಲಿ ಇದ್ದದ್ದು ಬೇರೆ ಹೆಸರು. ಸುಳ್ಳು ಓಟು ಹಾಕಲು ಬಂದವಳೆಂದು ಪೊಲೀಸರು ಆಕೆಯನ್ನು ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಸಂಜೆಯವರೆಗೆ ಕೂರಿಸಿದರು. ಹೋಗಿ ಬರುವವರೆಲ್ಲ ನೋಡಿದರು. ಮೊಲೆ ಕುಡಿಯುವ ಮಗು ಮನೆಯಲ್ಲಿತ್ತು. ಯಲ್ಲಕ್ಕ ಆಮೇಲೆ ಯಾವ ಚುನಾವಣೆಗೂ ಮನೆಯಿಂದ ಹೊರಬೀಳಲಿಲ್ಲ.

"ಆವತ್ತು ನಾನು ಅಲ್ಲೇ ಸಾಲ್ನಾಗಿದ್ದೆ ಸಾರ್," ಎನ್ನುತ್ತಾಳೆ ದ್ಯಾಮವ್ವ. "ಆಕಿ ಗಂಡನ ಹೆಸ್ರು ನಂಗೆ ಗೊತ್ತಿತ್ತು. ಕೂಗಿ ಹೇಳ್ಬೋದಿತ್ತು. ಪೊಲೀಸ್ರು ಕಂಡು ಬಾಯಿ ಕಟ್ತು. ಅದು ಇವತ್ತಿಗೂ ಹೊಟ್ಯಾಗ ಕುಂತೈತೆ."

ಹೆಸರು ಹೇಳುವ ಕಷ್ಟವೇ ಇಲ್ಲದ ದಾರಿಯೂ ಒಂದಿದೆ. ಪಕ್ಷದವರು ಮನೆ ಮನೆಗೆ ಚೀಟಿ ಹಂಚುತ್ತಾರೆ. ಚೀಟಿಯಲ್ಲಿ ಕ್ರಮಸಂಖ್ಯೆ, ಹೆಸರು, ಗಂಡನ ಹೆಸರು ಎಲ್ಲ ಇರುತ್ತದೆ. ಅದನ್ನು ಮುಂದೆ ಹಿಡಿದರೆ ಸಾಕು, ಬಾಯಿ ತೆರೆಯಬೇಕಾಗಿಲ್ಲ. ಆದರೆ ಕೇರಿಗೆ ಬರುವ ಚೀಟಿ ಸುಮ್ಮನೆ ಬರುವುದಿಲ್ಲ. ದ್ಯಾಮವ್ವನ ಮಾತಿನಲ್ಲೇ ಹೇಳುವುದಾದರೆ, "ಚೀಟಿ ಇಸ್ಕಂಡ್ರೆ ಚೀಟಿ ಕೊಟ್ಟೋನು ಬೆನ್ನಿಗೇ ಬರ್ತಾನ. ಬಾಗ್ಲ ತನಕ ಬಂದು ಎಲ್ಲಿ ಒತ್ತಬೇಕು ಅಂತ ಕಣ್ಣಾಗ ಹೇಳ್ತಾನ. ಅದು ನನ್ನ ಓಟಾತೋ ಅವಂದಾತೋ? ಬಾಯಿಲೆ ಹೆಸ್ರು ಹೇಳಿ ಒಳಗ ಹೋದ್ರೆ ಯಾರ ಹಂಗೂ ಇಲ್ಲ."

ಹೀಗೆ ಎಂಬತ್ತಮೂರರ ಚುನಾವಣೆಯಲ್ಲಿ ಆಕೆ ಹದಿನೇಳು ಹೆಂಗಸರನ್ನು ಕರೆದುಕೊಂಡು ಹೋದಳು. ಒಡಪು ಹೇಳಿಕೊಟ್ಟು ಧೈರ್ಯ ತುಂಬಿದಳು. ಬಾಗಿಲಿಗೆ ಬಂದ ಮೇಲೆ ಒಬ್ಬರಿಗೂ ಬಾಯಿ ಬರಲಿಲ್ಲ. ಕೊನೆಗೆ ದ್ಯಾಮವ್ವನೇ ಹೊಸ್ತಿಲ ಆಚೆ ನಿಂತು ಒಬ್ಬೊಬ್ಬರ ಗಂಡನ ಹೆಸರನ್ನೂ ಗಟ್ಟಿಯಾಗಿ ಹೇಳಿದಳು. ಅಧಿಕಾರಿಯಾಗಿ ಬಂದಿದ್ದ ಶಾಲಾಮೇಷ್ಟ್ರು ಒಳ್ಳೆಯವರು. "ಒಳಗೆ ಬರಬೇಡ, ಅಲ್ಲಿಂದಲೇ ಹೇಳು," ಎಂದರು. ಕಳೆದ ಡಿಸೆಂಬರಿನ ಚುನಾವಣೆಯಲ್ಲಿ ಆ ಹದಿನೇಳು ಅರವತ್ಮೂರಾಯಿತು. ನಲವತ್ತೊಂದು ಜನ ಕೇರಿಯವರು, ಇಪ್ಪತ್ತೆರಡು ಜನ ಭಟ್ಟಿ ಸಾಲಿನ ಮುಸಲ್ಮಾನ ಹೆಂಗಸರು. ಅವರಲ್ಲೂ ಇದೇ ಕಟ್ಟು. "ತೋಬಾ! ಮಕ್ಕಳ ಅಬ್ಬಾ ಅನ್ನಬೋದು, ನಮ್ಮನೆಯೋರು ಅನ್ನಬೋದು, ನಾಮ್ ಹೆಂಗ್ರೀ ಹೇಳೋದು?" ಎಂದು ಇಮಾಂಬೀ ನನ್ನನ್ನೇ ಕೇಳಿದಳು. ಆಕೆಯ ಗಂಡ ಜಮಾಲುದ್ದೀನ್ ಅಲ್ಲೇ ಒಲೆಗೆ ಭತ್ತದ ಹೊಟ್ಟು ತಳ್ಳುತ್ತ ನಗುತ್ತಿದ್ದ.

ದ್ಯಾಮವ್ವನಿಗೆ ಓದು ಬಾರದು. ಅರವತ್ಮೂರು ಹೆಸರು ನೆನಪಿಡುವುದು ಹೇಗೆ? ಮನೆಗಳ ಸಾಲಿನಿಂದ. ಕೇರಿಯ ಹುಣಸೆ ಮರದಿಂದ ನಲ್ಲಿಯವರೆಗೆ ಮನೆಗಳು ಹೇಗಿವೆಯೋ ಹಾಗೆಯೇ ಹೆಂಗಸರನ್ನು ನಿಲ್ಲಿಸುತ್ತಾಳೆ. ನಲ್ಲಿಯಿಂದ ಮಸೀದಿ ಓಣಿಯವರೆಗಿನವರು ಅವರ ಹಿಂದೆ. ಯಾರೂ ಸಾಲು ಕೆಡಿಸುವಂತಿಲ್ಲ. ಡಿಸೆಂಬರಿನಲ್ಲಿ ಖತೀಜಾಬೀ ಮನೆಯಲ್ಲಿ ಹಾಲು ಉಕ್ಕುತ್ತದೆಂದು ಅವಸರ ಮಾಡಿ ಎರಡು ಮನೆ ಮುಂದಕ್ಕೆ ನುಗ್ಗಿದಳು. ಹೆಸರುಗಳೆಲ್ಲ ಹಿಂದುಮುಂದಾಗಿ ಮೂವರು ಹೆಂಗಸರಿಗೆ ಬೇರೆಯವರ ಗಂಡಂದಿರು ಬಂದರು. ಮಾಬೂಬೀ ಪಾಲಿಗೆ ಎಪ್ಪತ್ತು ವರ್ಷದ ಫಜಲುಲ್ಲಾ ಬಿದ್ದ. ಮಾಬೂಬೀ ಹೊಸ್ತಿಲಲ್ಲೇ ನಿಂತು "ಯಾ ಅಲ್ಲಾ, ಆ ಮುದುಕಪ್ಪನ್ನ ಯಾವಾಗ ಕಟ್ಟಿದೆ ನಂಗೆ?" ಎಂದು ಚೀರಿದಳಂತೆ. ಅಧಿಕಾರಿಯೇ ಪೆನ್ನು ಕೆಳಗಿಟ್ಟು ನಕ್ಕ. ಈ ಕತೆ ಹೇಳುವಾಗ ಮಾತ್ರ ದ್ಯಾಮವ್ವನ ಮುಖ ಸಡಿಲವಾಗುತ್ತದೆ.

ಇಷ್ಟು ಹೆಂಗಸರ ಬಾಯಿಗೆ ಬಾರದ್ದು ಈಕೆಯ ಬಾಯಿಗೆ ಹೇಗೆ ಬರುತ್ತದೆ ಎಂದು ಕೇಳಿದೆ. ಕೇಳಬಾರದ ಪ್ರಶ್ನೆಯನ್ನು ಕೇಳುವುದೇ ನಮ್ಮ ಕಸುಬು.

"ನಂಗ್ಯಾರ ಗಂಡ ಅದಾನ ಸಾರ್, ಆಯಸ್ಸು ಕಮ್ಮಿ ಆಗಾಕೆ?" ಎಂದಳು.

ದ್ಯಾಮವ್ವನನ್ನು ಹನ್ನೆರಡನೇ ವರ್ಷಕ್ಕೆ ಬಸವಿ ಬಿಟ್ಟರು. ಮೂರು ಗಂಡು ಮಕ್ಕಳು ಹುಟ್ಟಿ ಹುಟ್ಟಿ ತೀರಿಹೋದಾಗ ಅಪ್ಪ ದುರುಗಪ್ಪ ಉಳಿದ ಒಬ್ಬ ಮಗಳನ್ನು ದೇವರಿಗೆ ಮುತ್ತು ಕಟ್ಟಿಸಿ ಮನೆಯಲ್ಲೇ ಇಟ್ಟುಕೊಂಡ. ಬಸವಿಗೆ ಮದುವೆ ಇಲ್ಲ. ಆಕೆ ಮನೆಯ ಗಂಡುಮಗನಿದ್ದಂತೆ. ಅಪ್ಪ ಸತ್ತಾಗ ಬೆಂಕಿ ಹಿಡಿದು ಮುಂದೆ ನಡೆದವಳೂ ಈಕೆಯೇ. ಗಂಡುಮಗ ಎಂದು ಹೇಳುವುದೇನೋ ಚೆನ್ನ. ಹದಿನೇಳನೇ ವರ್ಷಕ್ಕೆ ಕೊಂಡಜ್ಜಿಯ ಕಡೆಯ ಒಂದು ಹಳ್ಳಿಯ ದೊಡ್ಡ ಮನೆತನದ ಯಜಮಾನ ಈಕೆಯನ್ನು ಇಟ್ಟುಕೊಂಡ. ಹನ್ನೊಂದು ವರ್ಷ ವಾರಕ್ಕೆರಡು ದಿನ ಬಂದು ಹೋಗುತ್ತಿದ್ದ. ಒಂದು ಹೆಣ್ಣು ಮಗುವಾಯಿತು. ಹೆಸರು ಹಾಲಮ್ಮ. ಆಮೇಲೆ ಬರುವುದನ್ನು ನಿಲ್ಲಿಸಿದ. ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡ. ಮಣ್ಣಿಗೆ ಹೋಗಲು ಈಕೆಗೆ ಯಾರೂ ಹೇಳಿ ಕಳಿಸಲಿಲ್ಲ.

"ಆತ ಒಂದು ಕೆಲ್ಸ ಮಾತ್ರ ಮಾಡಿದ," ಎನ್ನುತ್ತಾಳೆ. "ಹಾಲಮ್ಮನ್ನ ಸಾಲಿಗೆ ಹಾಕೋ ದಿನ ತಾನೇ ಬಂದ. ಹೆಡ್‌ಮೇಷ್ಟ್ರು ತಂದೆ ಹೆಸ್ರು ಕೇಳಿದ್ರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆತ ತನ್ನ ಹೆಸ್ರು ಹೇಳಿ ಸಹಿ ಹಾಕಿದ. ಯಾಕ ಹಾಕಿದ್ನೋ, ಯಾವ ದೇವ್ರು ಹೊಕ್ಕಿತ್ತೋ."

ಡಿಸೆಂಬರಿನ ಚುನಾವಣೆಗೆ ಮೊದಲು, ಆ ತಿಂಗಳ ಎರಡನೆಯ ಭಾನುವಾರ, ಹರಿಹರದಲ್ಲಿ ಹೊಳೆಯ ದಂಡೆಯ ಬಯಲಿನಲ್ಲಿ ಒಂದು ಸಭೆ ನಡೆಯಿತು. ಕೇರಿಗಳ ಯುವಕರು ಕಟ್ಟಿಕೊಂಡ ಸಂಘ ಏರ್ಪಡಿಸಿದ್ದು. ಬಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ "ಓಟು ನಮ್ಮದು, ನ್ಯಾಯ ನಮ್ಮದು" ಎಂದು ಬರೆದಿದ್ದರು. ಹೋಟೆಲುಗಳಲ್ಲಿ ಕೇರಿಯವರಿಗೆ ಬೇರೆ ಲೋಟ ಇಡುವುದರ ಮೇಲೆ, ಓಟಿನ ದಿನ ಹೊಲದ ಕೆಲಸಕ್ಕೆ ಕರೆದು ಕೂಡಿಹಾಕುವುದರ ಮೇಲೆ ಒಳ್ಳೆಯ ಭಾಷಣಗಳಾದವು. ನಾನು ಆ ಸಭೆಯ ವರದಿಗೆಂದೇ ಹೋಗಿದ್ದೆ. ದಾವಣಗೆರೆಯಿಂದ ಬಂದ ಹೆಂಗಸರ ಗುಂಪು ದೊಡ್ಡದಿತ್ತು. ಅವರನ್ನು ಎರಡು ಬಸ್ಸಿನಲ್ಲಿ ಹತ್ತಿಸಿ ಇಳಿಸಿ, ಬಿಸಿಲಿಗೆ ಸೆರಗು ಹೊದಿಸಿ ಸಾಲಾಗಿ ಕೂರಿಸಿದ್ದವಳು ದ್ಯಾಮವ್ವ. ಆಕೆ ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ವೇದಿಕೆಯ ಮೇಲಿದ್ದವರಿಗೆ ಗೊತ್ತಿತ್ತು.

ಸಭೆಯ ಕೊನೆಗೆ ನಿರ್ಣಯಗಳನ್ನು ಓದಿದರು. ಬಸವಿ ಬಿಡುವ ಪದ್ಧತಿ ನಮ್ಮ ಜನಾಂಗಕ್ಕೆ ಅಂಟಿದ ಕಳಂಕ, ಅದನ್ನು ತೊಳೆದು ಹಾಕಬೇಕು ಎಂಬುದು ನಾಲ್ಕನೆಯ ನಿರ್ಣಯ. ಸರಿಯಾದ ನಿರ್ಣಯವೇ. ಎಲ್ಲರೂ ಚಪ್ಪಾಳೆ ತಟ್ಟಿದರು. ದ್ಯಾಮವ್ವನೂ ತಟ್ಟಿದಳು.

"ಕಳಂಕ ಅಂದ್ರೇನು ಅಂತ ಇಮಾಂಬೀನ ಕೇಳ್ದೆ. ಆಕೀಗೂ ಗೊತ್ತಿರ್ಲಿಲ್ಲ. ಬಸ್ಸಿನಾಗ ಒಬ್ಬ ಕಾಲೇಜು ಹುಡುಗಿ ಹೇಳಿದ್ಲು. ಆಮ್ಯಾಲೆ ಊರು ಬರೋ ತನಕ ನಾನು ಕಿಟಕಿ ಹೊರಗೇ ನೋಡ್ದೆ."

ಸಂಘದ ಕಾರ್ಯದರ್ಶಿ ಅಂಜಿನಪ್ಪನನ್ನು ಆಮೇಲೆ ಭೇಟಿಯಾದೆ. ಪ್ರಾಮಾಣಿಕ ಹುಡುಗ. ಆತನ ತಾಯಿಯೂ ಆ ಅರವತ್ಮೂರು ಜನರಲ್ಲಿ ಒಬ್ಬಳು. ದ್ಯಾಮವ್ವನನ್ನು ವೇದಿಕೆಗೆ ಯಾಕೆ ಕರೆಯಲಿಲ್ಲ ಎಂದು ಕೇಳಿದೆ. "ಕರೀಬೇಕಿತ್ತು ಸಾರ್. ಆದ್ರೆ ಕರದ್ರೆ ಮೇಲಿನ ಓಣಿಯೋರು ಏನಂತಾರೆ? ಇವರ ಸಭೇಲಿ ಇಂಥೋರೇ ಅಂತಾರೆ," ಎಂದ. ಮೇಲಿನ ಓಣಿಯವರ ವಿರುದ್ಧ ನಡೆದ ಸಭೆಯಲ್ಲೂ ಮೇಲಿನ ಓಣಿಯವರ ಕಣ್ಣೇ ದೊಡ್ಡದಾಯಿತು. ನಾನಾದರೂ ಏನು ಮಾಡಿದೆ? ನನ್ನ ವರದಿಯಲ್ಲಿ "ಮಹಿಳೆಯರೂ ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿದ್ದರು" ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡೆ.

ಚುನಾವಣೆಯ ದಿನ ದ್ಯಾಮವ್ವ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಬಾಗಿಲಲ್ಲಿ ನಿಂತಿದ್ದಳು. ಅರವತ್ಮೂರು ಹೆಸರು ಹೇಳಿ ಮುಗಿಸಿ, ನೀರು ಕುಡಿದು, ಕೊನೆಗೆ ತಾನು ಒಳಗೆ ಹೋದಳು. ಪಟ್ಟಿಯಲ್ಲಿ ಆಕೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು.

ಆದದ್ದು ಇಷ್ಟು. ಹಳೆಯ ಪಟ್ಟಿಯಲ್ಲಿ ಆಕೆಯ ಹೆಸರು ತಂದೆ ದುರುಗಪ್ಪನ ಹೆಸರಿನೊಂದಿಗೆ ಇತ್ತು. ಒಂದೂವರೆ ವರ್ಷದ ಹಿಂದೆ ಹೊಸ ಪಟ್ಟಿ ಬರೆಯುವವನು ಕೇರಿಗೆ ಬಂದ. ಹೆಂಗಸರೆಲ್ಲ ಬಾಗಿಲ ಹಿಂದೆ ಸರಿದರು. ದ್ಯಾಮವ್ವ ಆತನ ಜೊತೆ ಮನೆ ಮನೆ ತಿರುಗಿ ಎಲ್ಲರ ಗಂಡಂದಿರ ಹೆಸರು ಹೇಳಿದಳು. ತನ್ನ ಮನೆ ಬಂತು. ಬರೆಯುವವನು ತಲೆ ಎತ್ತದೆಯೇ "ಗಂಡನ ಹೆಸರು?" ಎಂದ.

"ಬಾಯಿಗೆ ಬಂದ್ಬಿಡ್ತು ಸಾರ್. ಅಷ್ಟು ಜನರದ್ದು ಹೇಳಿ ಹೇಳಿ ನಾಲಿಗಿ ಹಗುರಾಗಿತ್ತು. ಹಾಲಮ್ಮನ ಅಪ್ಪನ ಹೆಸ್ರೇ ಹೇಳ್ದೆ. ಅವನು ಬರ್ಕೊಂಡ. ನಾನು ಸುಮ್ನಾದೆ. ಸುಮ್ನಾದೆ ಅಂದ್ರೆ... ಖುಷಿ ಆತು. ಸುಳ್ಳು ಯಾಕ ಹೇಳ್ಲಿ."

ಅಚ್ಚಾದ ಪಟ್ಟಿ ಊರಿನವರ ಕೈಗೆ ಸಿಕ್ಕಿತು. ಆ ಮನೆತನದ ಮಕ್ಕಳು ಈಗ ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ, ಹತ್ತು ಜನರಿಗೆ ಬೇಕಾದವರು. ಹಿರಿಯ ಮಗ ಆಕ್ಷೇಪಣೆ ಸಲ್ಲಿಸಿದ: ಈ ಹೆಸರಿನ ಹೆಂಗಸು ನಮ್ಮ ತಂದೆಯ ಹೆಂಡತಿಯಲ್ಲ, ಸುಳ್ಳು ವಿವರ. ವಿಚಾರಣೆಗೆ ಬರಬೇಕೆಂಬ ಕಾಗದ ದ್ಯಾಮವ್ವನಿಗೆ ಮುಟ್ಟಲಿಲ್ಲ, ಅಥವಾ ಮುಟ್ಟಿಸಲಿಲ್ಲ. ಗೆರೆ ಬಿತ್ತು.

ಬರುವ ತಿಂಗಳು ಮತ್ತೆ ಚುನಾವಣೆ. ಹೋದ ವಾರ ನಾನು ದ್ಯಾಮವ್ವನ ಜೊತೆ ಪಟ್ಟಿ ತಿದ್ದುವ ಕಚೇರಿಗೆ ಹೋಗಿದ್ದೆ. ಹಾಲಮ್ಮನೂ ಬಂದಿದ್ದಳು. ಈ ಜನವರಿಗೆ ಅವಳಿಗೆ ಇಪ್ಪತ್ತೊಂದು ತುಂಬಿ ಓಟಿನ ವಯಸ್ಸಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸ್ ತರಬೇತಿಯಲ್ಲಿದ್ದಾಳೆ. ಅವಳದೂ ಮೊದಲ ಓಟಿಗೆ ಒಂದು ಅರ್ಜಿ, ಜೊತೆಗೆ ಶಾಲೆಯ ಪ್ರಮಾಣಪತ್ರ. ಗುಮಾಸ್ತ ತಾಯಿಯ ಕಡತ ತೆಗೆದು ಒಂದು ಟೈಪ್ ಮಾಡಿದ ಹಾಳೆ ಮುಂದಿಟ್ಟ. ಅದನ್ನು ಟೈಪ್ ಮಾಡಿಸಿ ಕಳಿಸಿದವರು ಯಾರೆಂದು ಹೇಳಬೇಕಾಗಿಲ್ಲ. ನಾನು ಓದಿ ಹೇಳಿದೆ: ಇಂಥವರಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ, ಇಲ್ಲ. ತಂದೆಯ ಹೆಸರಿನೊಂದಿಗೆ ನನ್ನನ್ನು ಪಟ್ಟಿಗೆ ಸೇರಿಸಬೇಕು.

"ಒಂದು ಹೆಬ್ಬೆಟ್ಟು ಒತ್ತಮ್ಮ," ಎಂದ ಗುಮಾಸ್ತ. "ನಾಳೆನೇ ಹೆಸರು ಸೇರಿಸ್ತೀವಿ."

"ಒತ್ತಿದ್ರೆ ಈಕಿ ಅರ್ಜಿ?" ಎಂದು ದ್ಯಾಮವ್ವ ಮಗಳನ್ನು ತೋರಿಸಿದಳು.

ಗುಮಾಸ್ತ ಹಾಲಮ್ಮನ ಪ್ರಮಾಣಪತ್ರವನ್ನೂ ಆ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ನೀನು ಸಂಬಂಧ ಇಲ್ಲ ಅಂದಮೇಲೆ ಇವಳಿಗೆ ಈ ತಂದೆ ಹೆಂಗಾಗ್ತಾನೆ? ಅದೂ ಬದಲಾಗ್ಬೇಕು. ಸ್ಕೂಲಿಂದೂ ಬದಲಾಗ್ಬೇಕು. ತರಬೇತಿ ಕಡೆಯೋರೂ ಕೇಳ್ತಾರೆ."

"ಒತ್ತದಿದ್ರೆ?"

"ಇವಳದ್ದು ನಡೀತದೆ. ತಂದೇನೇ ಸಹಿ ಹಾಕಿದ ದಾಖಲೆ ಇದೆ. ನಿಂದು ನಡಿಯಲ್ಲ."

ಹಾಲಮ್ಮ ತಾಯಿಯ ತೋಳು ಹಿಡಿದು "ಒತ್ತಬೇ. ಆ ಹೆಸ್ರು ಕಟ್ಕೊಂಡು ನಂಗೇನಾಗ್ಬೇಕು. ಊರಿಗೆಲ್ಲ ಓಟು ಹಾಕಿಸ್ದಾಕಿ ನೀನು," ಎಂದಳು. ಅವಳ ಕಣ್ಣು ತುಂಬಿತ್ತು. ದ್ಯಾಮವ್ವ ಮಸಿಯ ಡಬ್ಬಿಯನ್ನು ಗುಮಾಸ್ತನ ಕಡೆಗೆ ಸರಿಸಿದಳು. ಹಾಳೆಯನ್ನು ಮಡಿಸಿ ಅದರ ಮೇಲಿಟ್ಟಳು.

"ನಂದು ಬಿಡ್ರಿ. ಈಕೀದು ಬರ್ಕೊಳ್ರಿ."

ಗುಮಾಸ್ತ ಬರೆದುಕೊಂಡ. ತಂದೆಯ ಹೆಸರು ಕೇಳಿದಾಗ ಹಾಲಮ್ಮ ಗಟ್ಟಿಯಾಗಿ ಹೇಳಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಊರಿಗೆ ಗೊತ್ತಿರುವ ಹೆಸರು ಅದು.

ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತೆವು. ನನಗೆ ಸಿಟ್ಟು ಬಂದಿತ್ತು. ಶರಣರ ಕಾಲದಿಂದ ಸಮಾನತೆಯ ಮಾತಾಡಿದ ನಾಡು, ಅದೂ ಇದೂ ಎಂದು ಏನೇನೋ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, ಕೆಲಸಕ್ಕೆ ಬರುವ ಮಾತು ನಾನು ಆಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದಳು:

"ಆತ ದೊಡ್ಡ ಮನುಷ್ಯ ಅಂತ ಅಲ್ಲ ಸಾರ್. ಹನ್ನೊಂದು ವರ್ಷ ರೊಟ್ಟಿ ಬಡಿದು ಹಾಕೀನಿ. ಜ್ವರ ಬಂದಾಗ ಕಾಲು ಒತ್ತೀನಿ. ನಾನು ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಾಗ್ಲಿ. ಪಟ್ಟ್ಯಾಗಂತೂ ಹೊಡೆದ್ರು. ನೀವು ಪೇಪರ್‌ನಾಗ ನನ್ನ ಬಗ್ಗೆ ಬರೀತೀರಲ್ಲ, ನನ್ನ ಹೆಸ್ರ ಮಗ್ಗುಲಿಗೆ ಆತನ ಹೆಸ್ರು ಒಂದ್ಸಲ ಹಾಕ್ರಿ. ಅಷ್ಟೇ. ಮತ್ತೇನೂ ಬ್ಯಾಡ ನಂಗೆ."

ಇಷ್ಟು ಸಣ್ಣ ಆಸೆಯನ್ನು ನಾನು ಯಾರಿಂದಲೂ ಕೇಳಿಲ್ಲ. ಆಗಲಿ ಎಂದು ಮಾತು ಕೊಟ್ಟು ಬಂದೆ. ಹೆಸರು ಹಾಕಿಯೇ ಲೇಖನ ಬರೆದೆ. ಸಂಪಾದಕರು ಕರೆದು, ಪತ್ರಿಕೆಗೆ ವಕೀಲರ ನೋಟೀಸು ಬರುವುದು ಬೇಡ, ಆ ಮನೆತನದವರ ಜಾಹೀರಾತೂ ನಮಗೆ ಬರುತ್ತದೆ, ಹೆಸರು ತೆಗೆದುಬಿಡಿ, ಉಳಿದದ್ದು ಚೆನ್ನಾಗಿದೆ ಎಂದರು. ನನಗೂ ಹೆಂಡತಿ ಮಕ್ಕಳಿದ್ದಾರೆ. ತೆಗೆದೆ.

ಇದನ್ನು ಆಕೆಗೆ ಹೇಳದೆ ಲೇಖನ ಅಚ್ಚಿಗೆ ಕೊಡುವ ಮನಸ್ಸಾಗಲಿಲ್ಲ. ನಿನ್ನೆ ಬೆಳಗ್ಗೆ ಭಟ್ಟಿಗೆ ಹೋದೆ. ಆಕೆ ಮಾರ್ಚಿನ ಓಟಿಗೆ ಸಾಲು ಕೂಡಿಸುತ್ತಿದ್ದಳು. ಏಳು ವರ್ಷದ ಮೇಲೆ ಯಲ್ಲಕ್ಕ ಬರಲು ಒಪ್ಪಿದ್ದಾಳಂತೆ. ನಾನು ತಡವರಿಸುತ್ತ, ಆ ಹೆಸರು ಹಾಕಲು ಆಗುವುದಿಲ್ಲ, ಕಾರಣಗಳಿವೆ, ಎಂದೆ. ದ್ಯಾಮವ್ವ ಜರಡಿ ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಯ್ಯ, ನಿಮ್ಗೂ ಬಾಯಿ ಬರ್ಲಿಲ್ಲೇನು?" ಎಂದಳು. "ಇರ್ಲಿ ಬಿಡ್ರಿ. ಓಟಿನ ದಿನ ಬರ್ರಿ. ಸುಂಕಲಮ್ಮನ ಹಿಂದೆ ನಿಂದರ್ರಿ. ನಿಮ್ಮದೂ ನಾನೇ ಹೇಳ್ತೀನಿ."